ಹಿಡಿ, ತಡೆ, ಕಟ್ಟು: ಇಂಗ್ಲಿಷಿನ ಹಗ್ಗಗಳನ್ನು ಬಿಚ್ಚಿ ನೋಡುವುದು ಹೇಗೆ

ಪೊಲೀಸ್ ಫಿರ್ಯಾದಿಗಳಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ. ಊರು ಬೇರೆ, ಜಗಳ ಬೇರೆ, ವಾಕ್ಯ ಮಾತ್ರ ಅದೇ: "ದಾರಿಯಲ್ಲಿ ಅಡ್ಡಗಟ್ಟಿ ನಿಲ್ಲಿಸಿ, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವ ಬೆದರಿಕೆ ಹಾಕಿರುತ್ತಾರೆ." ಧಾರವಾಡದಲ್ಲಿ ವಕೀಲರಿಗೆ ಕಾಗದಪತ್ರ ಅನುವಾದ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಕನ್ನಡದ ಫಿರ್ಯಾದಿ, ಸಾಕ್ಷಿ ಹೇಳಿಕೆ, ಕರಾರುಪತ್ರ, ವಾಟ್ನಿಪತ್ರ, ಮೇಲಿನ ಕೋರ್ಟಿಗೆ ಹೋಗುವಾಗ ಎಲ್ಲವೂ ಇಂಗ್ಲಿಷ್ ಆಗಬೇಕು. ಈ ವಾಕ್ಯವನ್ನು ನೂರಾರು ಸಲ ಇಂಗ್ಲಿಷಿಗೆ ತಂದಿದ್ದೇನೆ, ನಿದ್ದೆಗಣ್ಣಲ್ಲೂ ಬರುತ್ತದೆ ಅಂದುಕೊಂಡಿದ್ದೆ. ಒಮ್ಮೆ ನಿಜವಾಗಿಯೂ ನಿದ್ದೆಗಣ್ಣಲ್ಲೇ ಮಾಡಿದೆ. "ಅಡ್ಡಗಟ್ಟಿ ನಿಲ್ಲಿಸಿ" ಅನ್ನುವುದಕ್ಕೆ "ಕನ್‌ಫೈನ್ಡ್" ಅಂತ ಹಾಕಿ ಕಳಿಸಿಬಿಟ್ಟೆ.

ಮರುದಿನ ವಕೀಲರ ಫೋನು. "ಮೇಡಂ, ದಾರ್ಯಾಗ ತಡದು ನಿಲ್ಲಿಸಿದವನ್ನ ನೀವು ಖೋಲ್ಯಾಗ ಕೂಡಿಹಾಕೀರಲ್ರೀ!"

ಸಣ್ಣ ತಪ್ಪಲ್ಲ ಅದು. ಭಾರತೀಯ ನ್ಯಾಯ ಸಂಹಿತೆಯಲ್ಲಿ ರಿಸ್ಟ್ರೇನ್ ಮಾಡುವುದು, ಅಂದರೆ ಅಡ್ಡಗಟ್ಟುವುದು, 126ನೇ ಕಲಂ, ಹೆಚ್ಚೆಂದರೆ ಒಂದು ತಿಂಗಳ ಸಜೆ. ಕನ್‌ಫೈನ್ ಮಾಡುವುದು 127ನೇ ಕಲಂ, ಒಂದು ವರ್ಷದವರೆಗೆ ಸಜೆ. ನನ್ನ ಒಂದು ಪದಕ್ಕೆ ಆ ಮನುಷ್ಯನ ಹನ್ನೊಂದು ತಿಂಗಳು ತೂಗಾಡುತ್ತಿತ್ತು. ಆವತ್ತು ರಾತ್ರಿ ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಂಡು ಕೂತೆ. ಇಂಗ್ಲಿಷಿನಲ್ಲಿ ಹಿಡಿಯುವ, ತಡೆಯುವ, ಕಟ್ಟುವ ಪದಗಳನ್ನೆಲ್ಲ ಬೇರುಸಮೇತ ಕಿತ್ತು ನೋಡುವ ಚಟ ಹತ್ತಿದ್ದು ಹಾಗೆ. ಈಗ ಕಾನೂನು ಓದುತ್ತಿರುವ ಅಕ್ಕನ ಮಗಳಿಗೂ ಅದನ್ನೇ ಹೇಳಿಕೊಡುತ್ತಿದ್ದೇನೆ. ನಿಮಗೂ ಹೇಳುತ್ತೇನೆ.

ಮೊದಲಿಗೆ ಒಂದು ಕೆಲಸ ಬಿಡಬೇಕು. ಡಿಟೇನ್ ಅಂದರೆ ತಡೆ, ರಿಟೇನ್ ಅಂದರೆ ತಡೆ, ರಿಸ್ಟ್ರೇನ್ ಅಂದರೆ ತಡೆ, ವಿತ್‌ಹೋಲ್ಡ್ ಅಂದರೆ ತಡೆಹಿಡಿ ಅಂತ ಬಾಯಿಪಾಠ ಮಾಡುವ ಕೆಲಸ. ನಿಘಂಟು ಹಾಗೆ ಕೊಡುತ್ತದೆ, ಅದರ ತಪ್ಪಲ್ಲ. ಆದರೆ ಹತ್ತು ಪದಕ್ಕೆ ಒಂದೇ ಕನ್ನಡ ಪದ ಅಂಟಿಸಿಕೊಂಡರೆ ಹತ್ತೂ ಕಲಸಿಹೋಗುತ್ತವೆ. ಬದಲಿಗೆ ನೋಟ್‌ಬುಕ್ಕಿನ ಒಂದು ಪುಟಕ್ಕೆ ಒಂದೇ ಬೇರು ಬರೆಯಿರಿ, ಪುಟದ ನಡುವೆ, ದೊಡ್ಡದಾಗಿ. ಸುತ್ತ ಅದರ ಮಕ್ಕಳು ಮೊಮ್ಮಕ್ಕಳು.

ಮೊದಲ ಪುಟ ತುಂಬಾ ಸುಲಭ, ಫಲವೂ ಹೆಚ್ಚು: ಟೇನ್. ಲ್ಯಾಟಿನ್ನಿನ ತೆನೇರೆ, ಹಿಡಿ ಎಂಬ ಕ್ರಿಯಾಪದ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವಾಗ ಟೇನ್ ಆಯಿತು. ಮುಂದೆ ಅಂಟಿದ ತುಣುಕು ಯಾವ ಕಡೆಯಿಂದ ಹಿಡಿದಿದ್ದಾರೆ ಅಂತ ಹೇಳುತ್ತದೆ. ಕಂಟೇನ್ ಅಂದರೆ ಒಟ್ಟಾಗಿ ಹಿಡಿ. ರಿಟೇನ್, ಹಿಂದಕ್ಕೆ ಹಿಡಿದಿಟ್ಟುಕೊ. ಡಿಟೇನ್, ಹೋಗುವ ಕಡೆಯಿಂದ ದೂರಕ್ಕೆ ಹಿಡಿದಿಡು. ಅಬ್‌ಸ್ಟೇನ್, ನಿನ್ನನ್ನೇ ನೀನು ದೂರ ಹಿಡಿ. ವೋಟು ಹಾಕದೆ ಕೂರುವುದು, ಮಾಂಸ ಬಿಡುವುದು ಎಲ್ಲ ಇದರಲ್ಲೇ. ಸಸ್ಟೇನ್‌ನಲ್ಲಿರುವುದು ಕೆಳಗಿನಿಂದ ಎನ್ನುವ ಸಬ್. ಕೆಳಗೆ ಕೈಕೊಟ್ಟು ಎತ್ತಿಹಿಡಿ. ನಮ್ಮಲ್ಲಿ ತೀರ್ಪನ್ನು "ಎತ್ತಿಹಿಡಿಯುತ್ತಾರಲ್ಲ", ಅದೇ ಚಿತ್ರ. ಆದರೆ ಗಾಯದ ಸರ್ಟಿಫಿಕೇಟಿನಲ್ಲಿ "ಸಸ್ಟೇನ್ಡ್ ಇಂಜುರೀಸ್" ಅಂತ ಬಂದಾಗ ಎತ್ತಿಹಿಡಿಯಲು ಹೋಗಬೇಡಿ. ಅಲ್ಲಿ ಭಾರ ಹೊತ್ತ, ಸಹಿಸಿದ ಎನ್ನುವ ಅರ್ಥ. ಕನ್ನಡದಲ್ಲಿ "ಗಾಯಗಳಾದವು" ಸಾಕು.

ಮೇಂಟೇನ್ ನನಗೆ ಬಹಳ ಇಷ್ಟದ ಪದ. ಮಾನು ಅಂದರೆ ಕೈಯಿಂದ, ತೆನೇರೆ ಅಂದರೆ ಹಿಡಿ. ಕೈಹಿಡಿ! ಕೌಟುಂಬಿಕ ನ್ಯಾಯಾಲಯದ ಮೇಂಟೆನೆನ್ಸ್ ಅರ್ಜಿಗಳು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ನನ್ನ ಮೇಜಿಗೆ ವಾರಕ್ಕೆ ಒಂದೆರಡಾದರೂ ಬರುತ್ತವೆ. ಕನ್ನಡದಲ್ಲಿ ಜೀವನಾಂಶ ಅನ್ನುತ್ತೇವೆ. ಕೈಹಿಡಿದವನು ಕೈಬಿಟ್ಟ ಮೇಲೆ ಕೈಹಿಡಿ ಎಂದು ಕೋರ್ಟು ಹೇಳಬೇಕಾದ ಪ್ರಕರಣ. ಆ ಹೆಂಗಸರ ಅರ್ಜಿ ಟೈಪ್ ಮಾಡುವಾಗ ಆ ಲ್ಯಾಟಿನ್ ಕೈ ಪ್ರತಿಸಲ ಕಣ್ಣಿಗೆ ಬೀಳುತ್ತದೆ.

ಎಂಟರ್‌ಟೇನ್ ಬಗ್ಗೆ ಒಂದು ಮಾತು. ಇದೂ ಹಿಡಿಯುವುದೇ: ನಡುವೆ ಹಿಡಿದಿಟ್ಟುಕೊ, ಬಿಟ್ಟುಕೊಡದೆ ನಡೆಸು. ಅತಿಥಿಯನ್ನು ಮನೆಯಲ್ಲಿ ಇಟ್ಟುಕೊಂಡು ಉಪಚರಿಸುವುದಾಯಿತು, ಆಮೇಲೆ ಅವರಿಗೆ ಹಾಡು ನಾಟಕ ತೋರಿಸಿ ರಂಜಿಸುವುದಾಯಿತು. ಕಾನೂನಿನ ಇಂಗ್ಲಿಷ್ ಮಾತ್ರ ಹಳೆಯ ಅರ್ಥವನ್ನು ಬಿಟ್ಟಿಲ್ಲ. ಕಂಪ್ಯೂಟರ್ ಅನುವಾದ ಮಾಡಿದ ಆದೇಶವೊಂದನ್ನು ತಿದ್ದಿಕೊಡಿ ಅಂತ ಕೊಟ್ಟಿದ್ದರು. ಅದರಲ್ಲಿತ್ತು: "ನ್ಯಾಯಾಲಯವು ಸದರಿ ಅರ್ಜಿಯನ್ನು ಮನರಂಜಿಸಲು ನಿರಾಕರಿಸಿದೆ." ಅಕ್ಕನ ಮಗಳು ಅದನ್ನು ಓದಿ ಅರ್ಧ ಗಂಟೆ ನಕ್ಕಳು. ವಿಚಾರಣೆಗೆ ಎತ್ತಿಕೊಳ್ಳಲು ನಿರಾಕರಿಸಿತು ಅಂತ ತಿದ್ದಿದೆ. ಬೇರು ಗೊತ್ತಿದ್ದರೆ ಇಂಥ ಕಡೆ ಕೈ ತಾನೇ ನಿಲ್ಲುತ್ತದೆ.

ಈ ಪುಟಕ್ಕೆ ಒಂದು ಬೇಲಿ ಹಾಕಿ. ಟೇನ್ ತರಹ ಬರೆಯುವ ಎಲ್ಲವೂ ಈ ಮನೆಯವಲ್ಲ. ಕ್ಯಾಪ್ಟನ್ ತಲೆ ಎನ್ನುವ ಪದದಿಂದ ಬಂದದ್ದು, ಮೌಂಟನ್ ಬೆಟ್ಟದಿಂದ, ಸರ್ಟನ್ ಖಚಿತ ಎನ್ನುವುದರಿಂದ. ಉಚ್ಚಾರಣೆಯೇ ಸುಳಿವು ಕೊಡುತ್ತದೆ. ಅಲ್ಲಿ ಕೊನೆಗೆ ಟನ್ ಅಂತ ಬಾಲ ಮುದುರಿಕೊಂಡಿರುತ್ತದೆ, ಹಿಡಿಯುವ ಪದಗಳಲ್ಲಿ ಟೇನ್ ಅಂತ ಒತ್ತಿ ಹೇಳುತ್ತಾರೆ. ಅಷ್ಟಕ್ಕೂ ತಪ್ಪಿಸಿಕೊಳ್ಳುವವನು ಒಬ್ಬನಿದ್ದಾನೆ, ಅಟೇನ್. ಅವನ ಬೇರು ತಾಂಗೆರೆ, ಮುಟ್ಟು. ಗುರಿ ಮುಟ್ಟಿದ ಅನ್ನುತ್ತೇವಲ್ಲ, ಅವನೇ. ಅನುಮಾನ ಬಂದರೆ ನಾಮಪದ ಮಾಡಿ ನೋಡಿ: ಡಿಟೇನ್ ಡಿಟೆನ್ಷನ್ ಆಗುತ್ತದೆ, ರಿಟೇನ್ ರಿಟೆನ್ಷನ್, ಮೇಂಟೇನ್ ಮೇಂಟೆನೆನ್ಸ್. ಅಟೇನ್ ಆಗುವುದು ಅಟೇನ್‌ಮೆಂಟ್. ಟೆನ್ ಎಂಬ ಹಳೆಯ ಲ್ಯಾಟಿನ್ ಎಲುಬು ಅದರಲ್ಲಿಲ್ಲ. ಕಂಟೇನ್, ಎಂಟರ್‌ಟೇನ್ ಕೂಡ ಮೆಂಟ್ ಬಾಲ ಹಚ್ಚಿಕೊಳ್ಳುತ್ತವೆ, ಹಾಗಾಗಿ ಇದು ಸುಳಿವು ಮಾತ್ರ, ನಿಯಮವಲ್ಲ.

ಅದೇ ಎಲುಬು ಬರಿಗಣ್ಣಿಗೆ ಕಾಣುವ ಪದ ಟೆನೆಂಟ್: ಹಿಡಿದವನು. ಇಲ್ಲಿ ನಮ್ಮ ಕಂದಾಯ ಕಚೇರಿಯ ಕನ್ನಡ ಬಂದು ಪಕ್ಕದಲ್ಲೇ ಕೂರುತ್ತದೆ. ಟೆನೆಂಟಿಗೆ ನಾವು ಗೇಣಿದಾರ ಅನ್ನುತ್ತೇವೆ. ಆ "ದಾರ" ಪಾರ್ಸಿ ಭಾಷೆಯದು, ಅರ್ಥ ಹಿಡಿದವನು, ಇಟ್ಟುಕೊಂಡವನು. ಗೇಣಿದಾರ, ಪಾಲುದಾರ, ಹವಾಲ್ದಾರ, ತಹಶೀಲ್ದಾರ, ಎಲ್ಲರೂ ಏನೋ ಒಂದನ್ನು ಹಿಡಿದವರೇ. ಲೆಫ್ಟಿನೆಂಟ್ ಅಂದರೂ ಇನ್ನೊಬ್ಬರ ಜಾಗ ಹಿಡಿದವನು ಅಂತ. ಫ್ರೆಂಚಿನಲ್ಲಿ ಲ್ಯೂ ಅಂದರೆ ಸ್ಥಳ. 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ಹೊಲ ಹಿಡಿದವನೇ ಹೊಲದ ಒಡೆಯನಾದ ಎನ್ನುವಾಗ ಎರಡು ಭಾಷೆಯ ಹಿಡಿತ ಒಂದೇ ಮಣ್ಣಿನ ಮೇಲೆ ಕಾಣುತ್ತದೆ. ಇನ್ನೂ ಆಳಕ್ಕೆ ಹೋದರೆ ಆ ದಾರ ಸಂಸ್ಕೃತದ ಧೃ ಧಾತುವಿನ ಸಂಬಂಧಿ. ಧರಿಸು, ಆಧಾರ, ಧರ್ಮ ಎಲ್ಲ ಅಲ್ಲಿಂದ. ಲ್ಯಾಟಿನ್ನಿನ ಫಿರ್ಮುಸ್ ಕೂಡ ಅದೇ ಕುಲದ್ದು. ಅದರಿಂದ ಇಂಗ್ಲಿಷಿನ ಫರ್ಮ್ ಬಂತು, ನಿಗದಿಯಾದ ಗೇಣಿ ಎನ್ನುವ ಅರ್ಥದಲ್ಲಿ ಫಾರ್ಮ್ ಬಂತು. ಫಾರ್ಮರ್ ಅಂದರೆ ಮೊದಲಿಗೆ ರೈತನಲ್ಲ, ನಿಗದಿತ ಮೊತ್ತಕ್ಕೆ ಗುತ್ತಿಗೆ ಹಿಡಿದವನು.

ಆದರೆ ಮೂಗುದಾರದ ದಾರ ಆ ದಾರವಲ್ಲ. ಅದು ನಮ್ಮ ನೂಲಿನ ದಾರ. ಮೂಗನ್ನು ಹಿಡಿಯುತ್ತದಾದರೂ ಮೂಗು ಹಿಡಿದವನು ಅಲ್ಲ. ಅಕ್ಕನ ಮಗಳು ಇದನ್ನು ಹಿಡಿದಳು, ನನಗೆ ಹೊಳೆದಿರಲಿಲ್ಲ. "ಚಿಕ್ಕವ್ವ, ಹಂಗಂದ್ರ ಮೂಗುದಾರನೂ ತಹಶೀಲ್ದಾರನೂ ಅಣ್ಣ ತಮ್ಮ ಏನು?" ಅಂತ ಕೇಳಿದಳು. ಅಲ್ಲ. ಆದರೆ ಆ ಪ್ರಶ್ನೆ ಕೇಳುವ ಅಭ್ಯಾಸ ಇದ್ದರೆ ಈ ನೋಟ್‌ಬುಕ್ ಅರ್ಧ ಗೆದ್ದಂತೆ.

ಎರಡನೇ ಪುಟದ ನಡುವೆ ಸ್ಟ್ರಿಂಗೆರೆ ಎಂದು ಬರೆಯಿರಿ. ಎಳೆದು ಬಿಗಿ ಮಾಡು, ಬಿಗಿದು ಕಟ್ಟು. ತೆನೇರೆ ಕೈ ಆದರೆ ಇದು ಹಗ್ಗ. ರಿಸ್ಟ್ರೇನ್, ಹಿಂದಕ್ಕೆ ಜಗ್ಗು. ಕನ್‌ಸ್ಟ್ರೇನ್, ಸುತ್ತ ಬಿಗಿ. ಸ್ಟ್ರಿಕ್ಟ್ ಅಂದರೆ ಬಿಗಿಯಾದದ್ದು, ನಮ್ಮ ಕಟ್ಟುನಿಟ್ಟಿನ ಹಾಗೇ. ನನ್ನ ತಪ್ಪಿಗೆ ಉತ್ತರ ಇಲ್ಲೇ ಇತ್ತು. ರಿಸ್ಟ್ರೇನ್ ಮಾಡುವವನು ಹೋಗುವ ಮನುಷ್ಯನನ್ನು ಹಿಂದಕ್ಕೆ ಜಗ್ಗುತ್ತಾನೆ. ಆ ಮನುಷ್ಯ ತಿರುಗಿ ಮನೆಗೆ ಹೋಗಬಹುದು, ಅವನ ದಾರಿ ಒಂದೇ ಕಡೆ ಬಂದ್ ಆಗಿದೆ. ಕನ್‌ಫೈನ್ ಪದದಲ್ಲಿರುವುದು ಫೀನಿಸ್, ಗಡಿ. ನಾಲ್ಕೂ ಕಡೆ ಗಡಿ ಹಾಕಿದರೆ ಮಾತ್ರ ಕನ್‌ಫೈನ್. ಕಾನೂನಿನ ಎರಡು ಕಲಮುಗಳು ಮಾಡುವ ವ್ಯತ್ಯಾಸವೂ ಇದೇ. ಒಂದು ಹಗ್ಗ, ಒಂದು ಗೋಡೆ. ಅಡ್ಡಗಟ್ಟು, ಕೂಡಿಹಾಕು ಅಂತ ನಮ್ಮ ಫಿರ್ಯಾದಿದಾರರು ಯಾವತ್ತೂ ಇದನ್ನು ತಪ್ಪಿಲ್ಲ. ತಪ್ಪಿದ್ದು ಇಂಗ್ಲಿಷ್ ಬಲ್ಲ ನಾನು.

ಡಿಸ್ಟ್ರೆಸ್, ಡಿಸ್ಟ್ರಿಕ್ಟ್ ಇದೇ ಹಗ್ಗದ ತುದಿಗಳು. ಮಧ್ಯಯುಗದ ಯುರೋಪಿನಲ್ಲಿ ಸಾಲ ಕಟ್ಟದವನ, ಕರ ಕೊಡದವನ ದನ ಸಾಮಾನು ಎಳೆದುಕೊಂಡು ಹೋಗಿ ಬಿಗಿ ಮಾಡುವ ಹಕ್ಕು ಒಡೆಯನಿಗಿತ್ತು. ಆ ಹಕ್ಕು ಎಲ್ಲಿಯವರೆಗೆ ನಡೆಯುತ್ತದೋ ಆ ಸೀಮೆಯೇ ಡಿಸ್ಟ್ರಿಕ್ಟ್. ನಮ್ಮ ಜಿಲ್ಲೆ ಪದ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದರ ಮೂಲಾರ್ಥ ಪಕ್ಕೆಲುಬು, ಪಕ್ಕ. ಜಿಲ್ಲಾಧಿಕಾರಿ ಪಕ್ಕೆಲುಬಿನ ಅಧಿಕಾರಿ, ಡಿಸ್ಟ್ರಿಕ್ಟ್ ಕಲೆಕ್ಟರ್ ಹಗ್ಗ ಬಿಗಿಯುವ ವಸೂಲಿಗಾರ. ಯಾವುದು ಮೇಲೋ ನೀವೇ ಹೇಳಿ. ಸಮುದ್ರದ ಸ್ಟ್ರೇಟ್, ಉದಾಹರಣೆಗೆ ನಮಗೂ ಶ್ರೀಲಂಕೆಗೂ ನಡುವಿನ ಪಾಕ್ ಜಲಸಂಧಿ, ಬಿಗಿಯಾದ ಇಕ್ಕಟ್ಟಾದ ನೀರು. ಇದರ ಸ್ಪೆಲಿಂಗಿನಲ್ಲಿ ಜಿ ಎಚ್ ಇಲ್ಲ. ಜಿ ಎಚ್ ಇರುವ ಸ್ಟ್ರೇಟ್, ನೇರ ಎನ್ನುವುದು, ಸ್ಟ್ರೆಚ್ ಮನೆಯದು. ಹುಚ್ಚಾಸ್ಪತ್ರೆಯ ಕಥೆಗಳಲ್ಲಿ ಬರುವ ಸ್ಟ್ರೇಟ್‌ಜಾಕೆಟ್ ನೇರ ಜಾಕೆಟ್ಟಲ್ಲ, ಬಿಗಿ ಜಾಕೆಟ್ಟು.

ಇಲ್ಲಿಯೂ ಒಬ್ಬ ಹೊರಗಿನವನಿದ್ದಾನೆ. ಕೊರೊನಾ ಕಾಲದಲ್ಲಿ ದಿನಾ ಕೇಳಿದೆವಲ್ಲ, ವೈರಸ್ಸಿನ ಹೊಸ ಸ್ಟ್ರೇನ್ ಅಂತ. ಅದು ಹಳೆಯ ಇಂಗ್ಲಿಷಿನದೇ ಬೇರೆ ಪದ, ಹುಟ್ಟು, ತಳಿ ಎಂಬರ್ಥದ್ದು. ಬೆನ್ನಿಗೆ ಆಗುವ ಸ್ಟ್ರೇನ್‌ಗೂ ಅದಕ್ಕೂ ಸಂಬಂಧವಿಲ್ಲ.

ಮೂರನೇ ಪುಟವನ್ನು ನಾನು ಕೈಯ ಪುಟ ಅನ್ನುತ್ತೇನೆ. ಅದರಲ್ಲಿ ಎರಡು ಲ್ಯಾಟಿನ್ ಬೇರುಗಳು, ಕಾಪೆರೆ ಮತ್ತು ಪ್ರೆಹೆಂಡೆರೆ. ಎರಡರ ಅರ್ಥವೂ ಕೈಚಾಚಿ ಹಿಡಿದುಕೊಳ್ಳುವುದು. ಕ್ಯಾಪ್ಚರ್, ಕ್ಯಾಪ್ಟಿವ್, ಅಕ್ಸೆಪ್ಟ್, ರಿಸೀವ್ ಕಾಪೆರೆಯಿಂದ. ಕ್ಯಾಚ್, ಚೇಸ್ ಕೂಡ. ಒಂದೇ ಪದ ಫ್ರಾನ್ಸಿನ ಎರಡು ಸೀಮೆಯ ಬಾಯಲ್ಲಿ ಎರಡಾಗಿ ಇಂಗ್ಲಿಷಿಗೆ ಬಂತು. ಒಬ್ಬ ಬೆನ್ನಟ್ಟುತ್ತಾನೆ, ಇನ್ನೊಬ್ಬ ಹಿಡಿಯುತ್ತಾನೆ. ಡಾಕ್ಟರು ಚೀಟಿಯ ಮೇಲೆ ಆರ್ ಬರೆದು ಕಾಲಿಗೆ ಅಡ್ಡಗೆರೆ ಎಳೆಯುತ್ತಾರಲ್ಲ, ಅದು ರೆಸಿಪಿ: "ತೆಗೆದುಕೋ" ಎಂಬ ಆಜ್ಞೆ. ಔಷಧಿಯ ಅಂಗಡಿಯಿಂದ ಅಡಿಗೆಮನೆಗೆ ಆಮೇಲೆ ಬಂತು. ಪ್ರೆಹೆಂಡೆರೆಯಿಂದ ಪ್ರಿಸನ್ ಬಂತು. ಮೊದಲು ಹಿಡಿಯುವ ಕ್ರಿಯೆಗೆ ಇದ್ದ ಹೆಸರು ಹಿಡಿದವರನ್ನಿಡುವ ಕಟ್ಟಡಕ್ಕೆ ಹೋಯಿತು.

ಈ ಪುಟದಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ಅಪ್ರಿಹೆಂಡ್ ಅಂದರೆ ಬಂಧಿಸು ಎಂದೂ ಆಗುತ್ತದೆ, ಗ್ರಹಿಸು ಎಂದೂ ಆಗುತ್ತದೆ, ಅಪ್ರಿಹೆನ್ಷನ್ ಅಂದರೆ ದಿಗಿಲು ಎಂದೂ ಆಗುತ್ತದೆ. ಇಂಗ್ಲಿಷ್ ಕಲಿಯುವವರು ಇಲ್ಲಿ ಗಾಬರಿಯಾಗುತ್ತಾರೆ. ನಾವು ಯಾಕೆ ಆಗಬೇಕು? ಗ್ರಹ್ ಎನ್ನುವ ಧಾತು ನಮ್ಮ ಮನೆಯಲ್ಲೇ ಇದೆ, ಹಿಡಿ ಎಂಬರ್ಥದಲ್ಲಿ. ಮಾತನ್ನು ಗ್ರಹಿಸುತ್ತೇವೆ, ಸೂರ್ಯನಿಗೆ ಗ್ರಹಣ ಹಿಡಿಯುತ್ತದೆ, ಮದುವೆಯಲ್ಲಿ ಪಾಣಿಗ್ರಹಣ. ಮುಂದೆ ತುಣುಕು ಅಂಟಿದರೆ ಆಗ್ರಹ, ನಿಗ್ರಹ, ಅನುಗ್ರಹ, ಸಂಗ್ರಹ. ಟೇನ್ ಪುಟದಲ್ಲಿ ಮಾಡಿದ ಕೆಲಸವನ್ನೇ ಇಲ್ಲಿ ಸಂಸ್ಕೃತ ಮಾಡಿದೆ. ನಿಗ್ರಹ ಎಂದರೆ ರಿಸ್ಟ್ರೇಂಟ್, ಸಂಗ್ರಹದಲ್ಲಿ ಕಂಟೇನ್‌ನ ನೆರಳಿದೆ. ಪರೀಕ್ಷೆಗೆ ಓದುವ ಹುಡುಗರಿಗೆ ಇದನ್ನು ಜೋಡಿಯಾಗಿ ಬರೆಯಿರಿ ಅನ್ನುತ್ತೇನೆ, ಆಮೇಲೆ ಮರೆಯುವುದಿಲ್ಲ.

ಗ್ರಹ್ ದೂರದ ಸಂಬಂಧದಲ್ಲಿ ಇಂಗ್ಲಿಷಿನ ಗ್ರ್ಯಾಬ್‌ಗೆ ದಾಯಾದಿ. ಇಂಗ್ಲಿಷ್ ನಿಘಂಟಿನೊಳಗೆ ಅದು ನಮ್ಮ ಕಡೆಯಿಂದಲೂ ಒಂದು ಸಲ ಹೋಗಿದೆ, ಸತ್ಯಾಗ್ರಹ ಎಂಬ ವೇಷದಲ್ಲಿ. 1906ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶುರುವಾದ ಹೋರಾಟಕ್ಕೆ ಇಂಗ್ಲಿಷ್ ಹೆಸರು ಬೇಡವೆಂದು ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಹೊಸ ಹೆಸರು ಕೇಳಿದರು. ಮಗನ್‌ಲಾಲ್ ಗಾಂಧಿ ಸದಾಗ್ರಹ ಎಂದು ಸೂಚಿಸಿದರು, ಗಾಂಧೀಜಿ ಅದನ್ನು ಸತ್ಯಾಗ್ರಹ ಎಂದು ತಿದ್ದಿಕೊಂಡರು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಹಿಡಿದವರ ತನಕ ಆ ಪದ ಬಂತು. ಸತ್ಯವನ್ನು ಹಿಡಿದವರನ್ನು ಪೊಲೀಸರು ಅಪ್ರಿಹೆಂಡ್ ಮಾಡಿದರು. ಎರಡೂ ಕಡೆ ಹಿಡಿಯುವುದೇ.

ಇದೇ ಪುಟದಲ್ಲಿ ನಾನು ಬಿದ್ದ ಗುಂಡಿಯನ್ನೂ ತೋರಿಸುತ್ತೇನೆ. ಇಂಗ್ಲಿಷಿನ ಹ್ಯಾವ್, ಲ್ಯಾಟಿನ್ನಿನ ಹಬೇರೆ. ಎರಡರ ಅರ್ಥವೂ ಹೊಂದಿರು, ಎರಡರ ಸದ್ದೂ ಒಂದೇ. ಅಣ್ಣತಮ್ಮಂದಿರೇ ಇರಬೇಕು ಅಂತ ಗೆರೆ ಎಳೆದು ಜೋಡಿಸಿದ್ದೆ. ಅಲ್ಲವಂತೆ. ಇಂಗ್ಲಿಷ್ ಕುಲದ ಭಾಷೆಗಳಲ್ಲಿ ಹಳೆಯ ಕ ಸದ್ದು ಹ ಆಗಿದೆ, ಪ ಸದ್ದು ಫ ವ ಕಡೆಗೆ ಜಾರಿದೆ. ಹಾಗಾಗಿ ಹ್ಯಾವ್‌ನ ನಿಜವಾದ ಸಂಬಂಧಿ ಕಾಪೆರೆ. ಹಬೇರೆಯ ಇಂಗ್ಲಿಷ್ ನೆಂಟ ಗಿವ್, ಕೊಡು! ನಮ್ಮಲ್ಲೂ ಹಳಗನ್ನಡದ ಪಿಡಿ ಹಿಡಿ ಆಯಿತು, ಪಾಲು ಹಾಲಾಯಿತು. ಸದ್ದು ಸಾಲಾಗಿ, ನಿಯಮದಂತೆ ಬದಲಾಗುತ್ತದೆ. ಕೇಳಲು ಒಂದೇ ಥರ ಇದೆ ಅಂತ ಗೆರೆ ಎಳೆಯಬೇಡಿ. ಎಳೆಯುವ ಮೊದಲು ಪದದ ಹುಟ್ಟು ಕೊಡುವ ಒಳ್ಳೆಯ ನಿಘಂಟು ನೋಡಿ. ಕನ್ನಡದ ಕಡೆಯ ಪದಕ್ಕೆ ನಾನು ಈಗಲೂ 1894ರ ಕಿಟೆಲ್ ನಿಘಂಟನ್ನೇ ತೆಗೆಯುವುದು.

ಹಬೇರೆಯ ಮಕ್ಕಳಿಗೆ ಪುಟದ ಮೂಲೆ ಸಾಕು. ಇನ್‌ಹಿಬಿಟ್, ಒಳಗೆ ಹಿಡಿ. ಪ್ರೊಹಿಬಿಟ್, ಮುಂದೆ ಅಡ್ಡ ಹಿಡಿ. ಎಕ್ಸಿಬಿಟ್, ಹೊರಗೆ ಹಿಡಿದು ತೋರಿಸು. ಕೋರ್ಟಿನಲ್ಲಿ ನಿಶಾನೆ ಹಾಕುವ ಎಕ್ಸಿಬಿಟ್ ಇದೇ. ಹೇಬಿಯಸ್ ಕಾರ್ಪಸ್‌ನಲ್ಲಿ ಹಬೇರೆ ಲ್ಯಾಟಿನ್ ಅಂಗಿ ಬಿಚ್ಚದೆ ನಿಂತಿದೆ. ಸಂವಿಧಾನದ 32 ಮತ್ತು 226ನೇ ವಿಧಿಗಳಡಿ, ಯಾರನ್ನಾದರೂ ಹಿಡಿದಿಟ್ಟವರಿಗೆ ಕೋರ್ಟು ಹೇಳುವ ಮಾತು: ದೇಹವನ್ನು ನಮ್ಮ ಮುಂದೆ ತಾ.

ಇನ್ನು ಪ್ರಾಣಿಗಳ ಪುಟ. ಇದನ್ನು ಬರೆಯುವಾಗ ನನಗೆ ಅಪ್ಪನ ನೆನಪು ಬಂತು, ಸ್ವಲ್ಪ ಉದ್ದ ಆಗುತ್ತದೆ.

ಕಾರಹುಣ್ಣಿಮೆಗೆ ಮೊದಲು ಅಪ್ಪ ಪುಂಡಿನಾರು ನೆನೆಸಿ ತೊಡೆಯ ಮೇಲೆ ಹೊಸೆಯುತ್ತಿದ್ದರು. ಎಡಗೈ ನಾರು ಕೊಡುತ್ತಿತ್ತು, ಬಲ ಅಂಗೈ ಮೊಣಕಾಲಿನ ಕಡೆಗೆ ಜಾರಿ ತಿರುಗಿ ಬರುತ್ತಿತ್ತು, ಹಗ್ಗ ಹಿಂದಿನಿಂದ ಹಾವಿನ ಹಾಗೆ ಬೆಳೆಯುತ್ತಿತ್ತು. ಎತ್ತಿನ ಮೂಗಿಗೆ ಹಾಕುವ ಮೂಗುದಾರ ಸಣ್ಣ, ಮೃದು; ಕೊರಳಿಗೆ ಕಟ್ಟುವ ಕಣ್ಣಿ ದಪ್ಪ; ಸಾಲಾಗಿ ದನ ಕಟ್ಟುವ ದಾವಣಿ ಇನ್ನೂ ದಪ್ಪ. ಬೆಳೆಯ ನಡುವೆ ಎಡೆ ಹೊಡೆಯುವಾಗ ಪೈರಿಗೆ ಬಾಯಿ ಹಾಕದಂತೆ ಎತ್ತಿನ ಮುಸುಡಿಗೆ ಕುಕ್ಕೆ. ಎಲ್ಲಕ್ಕೂ "ಹಗ್ಗ" ಅಂದರೆ ಅಪ್ಪ ಸಿಟ್ಟಾಗುತ್ತಿದ್ದರು. ಎಲ್ಲಕ್ಕೂ "ತಡೆ" ಅಂದ ನನ್ನ ಮೇಲೆ ವಕೀಲರು ಸಿಟ್ಟಾದದ್ದೂ ಅದಕ್ಕೇ.

ಕನ್ನಡದಲ್ಲಿ ಹತೋಟಿಯ ಮಾತು ಬಹಳಷ್ಟು ಎತ್ತಿನ ಕೊಟ್ಟಿಗೆಯಿಂದಲೂ ಆನೆಯ ಲಾಯದಿಂದಲೂ ಬಂದಿದೆ. ಮಗನಿಗೆ ಮೂಗುದಾರ ಹಾಕಬೇಕು ಅನ್ನುತ್ತೇವೆ, ಬೆಲೆಗೆ ಅಂಕುಶ ಹಾಕಬೇಕು ಅನ್ನುತ್ತೇವೆ. ಕಡಿವಾಣ, ಲಗಾಮು ಕುದುರೆಯವು. ಇಂಗ್ಲಿಷಿನಲ್ಲಿ ಕುದುರೆಯೇ ಎಲ್ಲಕ್ಕೂ ಮುಂದೆ. ರೇನ್ ಎನ್ನುವ ಲಗಾಮಿನ ಪದ ರಿಟೇನ್‌ನ ಸ್ವಂತ ತಂಗಿ. ಹಿಂದಕ್ಕೆ ಹಿಡಿಯುವುದು ಎಂಬ ಲ್ಯಾಟಿನ್ ಪದವೇ ಫ್ರೆಂಚರ ಬಾಯಲ್ಲಿ ಸವೆದು ಸವೆದು ರೇನ್ ಆಯಿತು. ಮೊದಲ ಪುಟಕ್ಕೆ ಹಿಂದಿರುಗಿ ಒಂದು ಗೆರೆ ಎಳೆಯಿರಿ. ಕರ್ಬ್ ಎಂದರೆ ಕುದುರೆಯ ಗದ್ದದ ಕೆಳಗೆ ಬಾಗಿ ಕೂರುವ ಪಟ್ಟಿ ಅಥವಾ ಸರಪಳಿ, ಬಾಗು ಎಂಬ ಪದದಿಂದ. ರೆಸ್ಟಿವ್ ಎಂದರೆ ಚಡಪಡಿಸುವವನು ಅಂತ ಈಗಿನ ಅರ್ಥ. ಮೊದಲು ತೀರಾ ತಿರುಗುಮುರುಗು: ಎಷ್ಟು ಹೊಡೆದರೂ ಹೆಜ್ಜೆ ಎತ್ತದೆ ನಿಲ್ಲುವ ಕುದುರೆ. ನಿಲ್ಲುವ ಕುದುರೆಯನ್ನು ದೂಡಿದರೆ ಪಕ್ಕಕ್ಕೆ ಹಿಂದಕ್ಕೆ ಒದ್ದಾಡುತ್ತದಲ್ಲ, ಅರ್ಥ ಆ ಒದ್ದಾಟದ ಕಡೆಗೆ ಜಾರಿತು.

ನಾಯಿಯ ಹಗ್ಗ ಲೀಶ್. ಇದರ ಬೇರು ಕಟ್ಟು ಅಲ್ಲ, ಸಡಿಲಿಸು! ಲ್ಯಾಟಿನ್ನಿನ ಲಕ್ಸಾರೆ, ಫ್ರೆಂಚಿನಲ್ಲಿ ಬಿಡು ಎಂದಾಯಿತು. ಬೇಟೆನಾಯಿಯನ್ನು ಓಡಲು ಬಿಡುವ ಹಗ್ಗವೇ ಲೀಶ್. ಮನೆ ಜಮೀನು ಲೀಸಿಗೆ ಕೊಡುತ್ತಾರಲ್ಲ, ಆ ಲೀಸೂ ಇದೇ ಪದದ ಇನ್ನೊಂದು ಮುಖ. ಲೀಸ್ ಕರಾರುಗಳನ್ನು ಅನುವಾದಿಸುವಾಗಲೆಲ್ಲ, ಬಾಡಿಗೆದಾರ ಹಗ್ಗದ ಉದ್ದದಷ್ಟೇ ಓಡಾಡಬಹುದು ಅಂತ ಅನಿಸುತ್ತದೆ. ಹನ್ನೊಂದು ತಿಂಗಳು ಅದರ ಉದ್ದ.

ಗೂಟವೂ ಬೇಕಲ್ಲ. ಅಟ್ಯಾಚ್ ಎಂಬ ಪದದೊಳಗೆ ಗೂಟ ಇದೆ, ಹಳೆಯ ಫ್ರೆಂಚಿನಲ್ಲಿ ಗೂಟಕ್ಕೆ ಬಿಗಿ ಎಂಬರ್ಥ. ಕೋರ್ಟು ಆಸ್ತಿ ಅಟ್ಯಾಚ್ ಮಾಡಿತು ಅಂದರೆ ಗೂಟಕ್ಕೆ ಕಟ್ಟಿತು. ನಾವು ಜಪ್ತಿ ಅನ್ನುತ್ತೇವೆ, ಅದು ಅರಬ್ಬಿಯದು, ಗಟ್ಟಿಯಾಗಿ ಹಿಡಿ ಎಂಬರ್ಥದ್ದು. ಇಂಗ್ಲಿಷ್ ಕಟ್ಟಿತು, ಅರಬ್ಬಿ ಹಿಡಿಯಿತು, ಹೋದದ್ದು ಮಾತ್ರ ಸಾಲಗಾರನ ಟ್ರ್ಯಾಕ್ಟರು.

ಕಾಲಿಗೆ ಬೇಡಿ ಹಾಕುವ ಪದಗಳನ್ನು ಪಾದ ಎಂದು ಬರೆದು ಅದರ ಸುತ್ತ ಹಾಕಿ, ಸಂಸ್ಕೃತದ ಪಾದವೇ ಅವಕ್ಕೆಲ್ಲ ನೆಂಟ. ಫೆಟರ್ ಇಂಗ್ಲಿಷಿನ ಫುಟ್ ಮನೆಯದು. ಇಂಪೀಡ್, ಕಾಲಿಗೆ ತೊಡಕು ಹಾಕು. ಎಕ್ಸ್‌ಪಿಡೈಟ್, ಕಾಲು ಬಿಡಿಸು. ಕೇಸು ಎಕ್ಸ್‌ಪಿಡೈಟ್ ಮಾಡಿ ಅಂತ ಅರ್ಜಿ ಹಾಕುವವರಿಗೆ ಕೇಸಿನ ಕಾಲಲ್ಲಿ ಬೇಡಿ ಇದೆ ಎಂಬುದು ಯಾರೂ ಹೇಳದೆ ಗೊತ್ತು. ರಾಷ್ಟ್ರಪತಿಯನ್ನು ಪದಚ್ಯುತಗೊಳಿಸುವ ಇಂಪೀಚ್‌ಮೆಂಟ್ ಕೂಡ ಕಾಲಬೇಡಿಯದೇ ಪದ. ನಮ್ಮ ಪದಚ್ಯುತಿಯಲ್ಲೂ ಪದ ಇದೆ, ಕಾಲು, ಸ್ಥಾನ ಎಂಬ ಎರಡೂ ಅರ್ಥದ್ದು. ಇದು ಕಾಕತಾಳೀಯ, ಆದರೂ ಚಂದ.

ಕಟ್ಟು ಎಂಬ ಕೊನೆಯ ಪುಟಕ್ಕೆ ಹೆಚ್ಚು ಹೊತ್ತು ಬೇಡ. ಇಂಗ್ಲಿಷಿನ ಬೈಂಡ್, ಬ್ಯಾಂಡ್, ಸಂಸ್ಕೃತದ ಬಂಧ, ಪಾರ್ಸಿಯ ಬಂದ್ ಒಂದೇ ಕುಲ. ಬಂದೋಬಸ್ತಿನಲ್ಲಿ ಎರಡು ಸಲ ಕಟ್ಟಿದೆ: ಕಟ್ಟುವುದು ಮತ್ತು ಬಿಗಿಯುವುದು. ಬೆಂಡ್ ಕೂಡ ಈ ಕುಲದ್ದೇ, ಬಿಲ್ಲಿಗೆ ಹೆದೆ ಕಟ್ಟಿದರೆ ಬಿಲ್ಲು ಬಾಗುತ್ತದಲ್ಲ. ಆದರೆ ಬಾಂಡೇಜ್, ಜೀತ, ಈ ಕುಲದ್ದಲ್ಲ. ಉತ್ತರದ ನಾರ್ಸ್ ಭಾಷೆಯಲ್ಲಿ ಮನೆಮಾಲೀಕ ರೈತನಿಗೆ ಬೋಂಡಿ ಅನ್ನುತ್ತಿದ್ದರು, ಹಸ್ಬೆಂಡ್‌ನಲ್ಲಿರುವುದೂ ಅದೇ. ಇಂಗ್ಲೆಂಡಿನಲ್ಲಿ ಆ ರೈತನ ಸ್ಥಿತಿ ಇಳಿದು ಒಕ್ಕಲಾಳಾದ, ಪದವೂ ಅವನ ಜೊತೆ ಇಳಿಯಿತು, ಬಾಂಡ್ ಎಂಬ ಕಟ್ಟಿನ ಪದದ ಸದ್ದು ಅಂಟಿಕೊಂಡಿತು. ಹಗ್ಗ ಆಮೇಲೆ ಬಂದದ್ದು.

ಹೋಲ್ಡ್ ಎಂಬ ಸಾದಾ ಪದದ ಬಗ್ಗೆ ಏನೂ ಹೇಳಲಿಲ್ಲ. ಅದರ ಹಳೆಯ ಅರ್ಥ ದನ ಕುರಿ ಕಾಯುವುದು. ಗಾಥಿಕ್ ಎಂಬ ಸತ್ತುಹೋದ ಭಾಷೆಯಲ್ಲಿ ಅದೇ ಅರ್ಥ ಉಳಿದಿದೆ. ಹಿಡಿಯುವುದಕ್ಕಿಂತ ಮೊದಲು ಕಣ್ಣಿಡುವುದು. ಬಿಹೋಲ್ಡ್ ಎಂದರೆ ನೋಡು ಎಂದಾದದ್ದು ಯಾಕೆ ಎಂದು ಈಗ ಕೇಳಬೇಕಿಲ್ಲ. ಹಡಗಿನ ಸರಕು ತುಂಬುವ ಹೋಲ್ಡ್ ಮಾತ್ರ ಬೇರೆ, ಅದು ತೂತು ಎಂಬ ಹೋಲ್. ಕೊನೆಗೆ ಡ ಅಂಟಿಸಿಕೊಂಡು ನೆಂಟನಂತೆ ಬಂದು ಕೂತಿದೆ. ವಿತ್‌ಹೋಲ್ಡ್‌ನ ವಿತ್ ಕೂಡ ಜೊತೆ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ವಿತ್ ಎಂದರೆ ಎದುರು, ವಿರುದ್ಧ. ಸಂಬಳ ವಿತ್‌ಹೋಲ್ಡ್ ಮಾಡಿದರು ಅಂದರೆ ನಿಮಗೆ ಎದುರಾಗಿ ಹಿಡಿದಿಟ್ಟುಕೊಂಡರು.

ನೋಟ್‌ಬುಕ್ ಬಳಸುವ ಕ್ರಮ ಇಷ್ಟೇ: ಹೊಸ ಪದ ಬಂದಾಗ ಮೊದಲು ಅದು ಕೈಯೋ, ಹಗ್ಗವೋ, ಗೋಡೆಯೋ, ಗೂಟವೋ ನೋಡಿ. ಆಮೇಲೆ ಮುಂದಿನ ತುಣುಕು ಯಾವ ದಿಕ್ಕು ತೋರಿಸುತ್ತದೆ ನೋಡಿ. ಕೊನೆಗೆ ಈಗಿನ ಜನ ಅದನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಎಂದು ನಾಲ್ಕು ವಾಕ್ಯ ಹುಡುಕಿ, ಯಾಕೆಂದರೆ ಬೇರು ಹೇಳಿದಂತೆ ಎಲೆ ಕೇಳುವುದಿಲ್ಲ, ಎಂಟರ್‌ಟೇನ್ ಕಂಡಿರಲ್ಲ. ಆಮೇಲೇ ಕನ್ನಡ ಪದ ಆರಿಸಿ.

ಹೋದ ವಾರ ಅಕ್ಕನ ಮಗಳಿಗೆ ಇಂಪೌಂಡ್ ಕೊಟ್ಟು ಕೂರಿಸಿದೆ. ನೋಂದಣಿ ಪ್ರಕರಣ ಒಂದರಲ್ಲಿ ಬಂದಿತ್ತು: ಕಡಿಮೆ ಮುದ್ರಾಂಕ ಹಚ್ಚಿದ ಕರಾರುಪತ್ರವನ್ನು ಕರ್ನಾಟಕ ಮುದ್ರಾಂಕ ಕಾಯ್ದೆಯ 33ನೇ ಕಲಮಿನಡಿ ಇಂಪೌಂಡ್ ಮಾಡಿದ್ದರು. ಅವಳು ಪೆನ್ನು ಕಚ್ಚಿಕೊಂಡು ಕೂತಳು. ಪೌಂಡ್ ಅಂದರೆ ತೂಕ ಅಲ್ಲ, ದುಡ್ಡೂ ಅಲ್ಲ ಅಂತ ಅಷ್ಟೇ ಹೇಳಿದೆ. ನಿಘಂಟು ತಿರುವಿದಳು. ಬೇಲಿ ಹಾಕಿದ ಜಾಗ. ಬಿಡಾಡಿ ದನ ಕೂಡುವ ಆವರಣ. ಕಟ್ಟೆ ಹಾಕಿ ನಿಲ್ಲಿಸಿದ ನೀರಿಗೆ ಪಾಂಡ್ ಎನ್ನುವುದೂ ಇದರದೇ ರೂಪ.

"ಅಯ್ಯ, ಇದು ನಮ್ಮೂರ ಕೊಂಡವಾಡ ಅಲ್ಲೇನ ಚಿಕ್ಕವ್ವ?" ಅಂದಳು. ಚಿಕ್ಕವಳಿದ್ದಾಗ ಅವರ ಎಮ್ಮೆ ಯಾರದೋ ಜೋಳದ ಹೊಲಕ್ಕೆ ನುಗ್ಗಿ, ಕೊಂಡವಾಡಕ್ಕೆ ಹೋಗಿ, ಅವರಪ್ಪ ದಂಡ ಕಟ್ಟಿ ಬಿಡಿಸಿಕೊಂಡು ಬಂದದ್ದು ಅವಳಿಗೆ ನೆನಪಿದೆ. ಈ ಕರಾರುಪತ್ರವೂ ಹಾಗೆಯೇ, ಬಾಕಿ ಮುದ್ರಾಂಕ ಮತ್ತು ದಂಡ ಕಟ್ಟಿದ ಮೇಲೆಯೇ ಬಿಡುಗಡೆ. ನೋಟ್‌ಬುಕ್ಕಿನಲ್ಲಿ ಪೌಂಡ್ ಪಕ್ಕ ಒಂದು ಎಮ್ಮೆ ಬರೆದಳು, ಕೊಂಬು ಸ್ವಲ್ಪ ದೊಡ್ಡದಾಯಿತು.